ಜೈಲೊಳಗಿರೋರು ಜೂಜಿಗೆ ಬಿದ್ದಿದಾರೆ ಅಂತ ಅನುಮಾನ ಬಂದ್ರೆ ಮನೆಯವ್ರು ಏನ್ ಮಾಡ್ಬೋದು

ಜೈಲಲ್ಲಿ ಕೈಗೆ ದುಡ್ಡೇ ಸಿಗಲ್ವಲ್ಲ ಇನ್ನೆಲ್ಲಿ ಜೂಜು ಅಂತ ಸುಮಾರು ಜನ ಅನ್ಕೊಂಡಿರ್ತಾರೆ. ದುಡ್ಡು ಬೇಕಾಗೇ ಇಲ್ಲ. ಕ್ಯಾಂಟೀನ್ ತಿಂಡಿ ಪ್ಯಾಕೆಟ್ಟು, ಕಾಫಿಪುಡಿ, ಸಿಗರೇಟು, ಸೋಪು, ಎಲ್ಲಾನೂ ಪಣಕ್ಕೆ ನಡಿಯತ್ತೆ, ಕೆಲವ್ರು ತಮ್ಮ ಪಾಲಿನ ಊಟಾನೂ ಇಟ್ಬಿಡ್ತಾರೆ. ಇಸ್ಪೀಟು, ದಾಳ, ಟೀವೀಲಿ ಬರೋ ಮ್ಯಾಚು, ಯಾವ್ದಾದ್ರೂ ಆಯ್ತು, ಹೊತ್ತು ಹೋಗ್ಬೇಕಲ್ಲ. ಕೈದಿಗಳ ಮೇಲೆ ಆಗಿರೋ ಸ್ಟಡಿಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ 2005ರ ಒಂದು ವಿಮರ್ಶೆ ಪ್ರಕಾರ ಹೆಚ್ಚುಕಡಿಮೆ ಮೂರರಲ್ಲಿ ಒಬ್ರಿಗೆ ಜೂಜಿನ ಸಮಸ್ಯೆ ಇರತ್ತೆ, ಇದು ಹೊರಗಿನ ಜನಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸುಮಾರು ಜನ ಜೂಜಿನ ಸಾಲ ತೀರ್ಸೋಕೆ ಅಂತ ಕದ್ದೋ ಮೋಸ ಮಾಡಿಯೋ ಒಳಗ್ ಹೋಗಿರ್ತಾರೆ, ಅಲ್ಲೂ ಅದೇ ಶುರುವಾಗತ್ತೆ.

ಮೊದ್ಲು ಗಮನಿಸ್ಬೇಕಾದ್ದು ದುಡ್ಡು ಕೇಳೋ ರೀತಿ. ಖರ್ಚಿಗೆ ಕಳಿಸಿ ಅನ್ನೋದು ಎಲ್ರೂ ಕೇಳೋದೇ, ಅದು ತಪ್ಪಲ್ಲ. ಆದ್ರೆ ಇದ್ದಕ್ಕಿದ್ದಂಗೆ ಮೊತ್ತ ಜಾಸ್ತಿ ಆಯ್ತು, ಇವತ್ತೇ ಬೇಕು ಅಂತ ಅರ್ಜೆಂಟು, ಅದಕ್ಕಿಂತ ಮುಖ್ಯವಾಗಿ ನಿಮಗೆ ಗೊತ್ತೇ ಇಲ್ದಿರೋ ಯಾರದ್ದೋ ಅಕೌಂಟಿಗೆ ಹಾಕಿ ಅಂತ ಹೇಳಿದ್ರು ಅಂದ್ರೆ ಅಲ್ಲಿ ಸಾಲ ಇದೆ ಅಂತಾನೇ ಅನುಮಾನ ಪಡಿ (ಜೂಜಿಂದೇ ಆಗ್ಬೇಕಂತಿಲ್ಲ, ಡ್ರಗ್ಸ್ ಸಾಲಾನೂ ಇರ್ಬೋದು, ಬೆದರಿಸಿ ಕಿತ್ಕೊಳ್ತಿರ್ಲೂಬೋದು). ಕಳಿಸಿದ್ ಬಟ್ಟೆ ಕಾಣಿಸ್ತಿಲ್ಲ, ಸೊರಗಿದಾರೆ, ಬೇರೆ ಬ್ಯಾರಕ್‌ಗೆ ಹಾಕ್ಸಿ ಅಂತ ಹಟ ಹಿಡಿದಿದಾರೆ, ಇವೂ ಸೂಚನೆಗಳೇ.

ಭೇಟಿಗೆ ಹೋದಾಗ "ಜೂಜಾಡ್ತಿದೀಯಾ" ಅಂತ ನೇರ ಕೇಳಿದ್ರೆ ಇಲ್ಲ ಅಂತಾರೆ ಬಿಡಿ. ಡಾಕ್ಟ್ರುಗಳು ಬಳಸೋ ಎರಡೇ ಪ್ರಶ್ನೆಯ ಚಿಕ್ಕ ಪರೀಕ್ಷೆ ಒಂದಿದೆ: ಇನ್ನೂ ಜಾಸ್ತಿ ಜಾಸ್ತಿ ಪಣ ಕಟ್ಬೇಕು ಅಂತ ಯಾವಾಗ್ಲಾದ್ರೂ ಅನ್ಸಿದ್ಯಾ, ಎಷ್ಟ್ ಆಡ್ದೆ ಅಂತ ಹತ್ತಿರದವ್ರ ಹತ್ರ ಸುಳ್ಳು ಹೇಳ್ಬೇಕಾಗಿ ಬಂದಿದ್ಯಾ. ಒಂದಕ್ಕೆ ಹೌದು ಅಂದ್ರೂ ಮುಂದೆ ವಿಚಾರಿಸ್ಬೇಕು ಅಂತರ್ಥ. ಇದನ್ನ ಪೊಲೀಸ್ ವಿಚಾರಣೆ ಥರ ಕೇಳ್ಬೇಡಿ, ಮಾತಿನ ಮಧ್ಯೆ ಬರ್ಲಿ. ಫೋನ್ ಕಾಲು, ಪತ್ರಗಳನ್ನ ಸಿಬ್ಬಂದಿ ಗಮನಿಸ್ತಿರ್ಬೋದು ಅನ್ನೋದೂ ನೆನಪಿರ್ಲಿ, ಯಾರಿಗೆ ಎಷ್ಟು ಕೊಡ್ಬೇಕು ಅಂತ ಹೆಸರು ಹಿಡಿದು ಅಲ್ಲಿ ಮಾತಾಡೋದು ಬೇಡ.

ಈಗ ಸಾಲದ್ ವಿಷ್ಯ, ಎಲ್ಲಕ್ಕಿಂತ ಕಷ್ಟದ್ದು ಇದೇ. ಒಳಗಿನ ಸಾಲಕ್ಕೆ ಹೊರಗಿನ ಲೆಕ್ಕ ಇಲ್ಲ, ಈ ವಾರ ಒಂದು ಪ್ಯಾಕೆಟ್ ತಗೊಂಡ್ರೆ ಮುಂದಿನ ವಾರ ಎರಡು ಕೊಡ್ಬೇಕು, ತಪ್ಪಿದ್ರೆ ಮತ್ತೆ ದುಪ್ಪಟ್ಟು, ಹಿಂಗೇ ಬೆಳೀತಾ ಹೋಗಿ ಕೊನೆಗೆ ಹೊಡೆತ, ಇಲ್ಲಾಂದ್ರೆ ಸಾಲದ ಬದ್ಲು ಅವ್ರು ಹೇಳಿದ್ ಕೆಲ್ಸ ಮಾಡು, ಮೊಬೈಲೋ ಗಾಂಜಾನೋ ಬಚ್ಚಿಟ್ಕೋ ಅನ್ನೋತನಕ ಬರತ್ತೆ. ಮನೆಯವ್ರು ಹೆದರ್ಕೊಂಡು ಒಂದ್ಸಲ ಪೂರ್ತಿ ತೀರಿಸ್ಬಿಟ್ರೆ ಮುಗೀತು ಅನ್ಕೋತಾರೆ, ಮುಗಿಯಲ್ಲ, ಇವ್ನ ಹಿಂದೆ ದುಡ್ಡು ಕೊಡೋ ಮನೆ ಇದೆ ಅಂತ ಗೊತ್ತಾದ್ಮೇಲೆ ಸಾಲ ಕೊಡೋರು ಇನ್ನೂ ಜಾಸ್ತಿ ಆಗ್ತಾರೆ. ಹಂಗಂತ ಸಾಯ್ಲಿ ಬಿಡು ಅಂತ ಫೋನ್ ಇಟ್ಬಿಡೋದೂ ಸರಿಯಲ್ಲ, ಅಪಾಯ ನಿಜವಾಗ್ಲೂ ಇರತ್ತೆ. ನನ್ ಪ್ರಕಾರ, ಅಪರಿಚಿತರ ಅಕೌಂಟಿಗೆ ಒಂದು ಪೈಸಾನೂ ಹಾಕ್ಬೇಡಿ, ಕೈದಿ ಹೆಸರಿಗೆ ಮಾತ್ರ, ಸಣ್ಣ ಮೊತ್ತ, ನಿಗದಿತ ದಿನ ಕಳಿಸಿ. ಜೀವಕ್ಕೆ ಅಪಾಯ ಅಂತ ಅನ್ಸಿದ್ರೆ ಜೈಲಧಿಕಾರಿಗೋ ಅಲ್ಲಿನ ಕಲ್ಯಾಣ ಅಧಿಕಾರಿಗೋ ವಕೀಲರ ಮೂಲಕ ಬರವಣಿಗೇಲಿ ತಿಳಿಸಿ, ಜಾಗ ಬದಲಾಯ್ಸಿ ಅಂತ ಕೇಳಿ. ಆದಷ್ಟು ಒಳಗಿರೋರಿಗೆ ಮೊದ್ಲೇ ಹೇಳಿ ಮಾಡಿ, ಚಾಡಿ ಹೇಳ್ದ ಅನ್ನೋ ಹೆಸರು ಬಂದ್ರೆ ಪೆಟ್ಟು ತಿನ್ನೋರು ಅವ್ರೇ. ಮನೆಗೇ ಬೆದರಿಕೆ ಕರೆ ಬಂದ್ರೆ ನಂಬರು, ಟೈಮು, ಏನ್ ಹೇಳಿದ್ರು ಎಲ್ಲಾ ಬರ್ದಿಟ್ಕೊಂಡು ಪೊಲೀಸ್ರಿಗೆ ಕೊಡಿ.

ದೊಡ್ಡ ಮೊತ್ತ ಸೋತೋರು "ನಾನಿದ್ದೇನ್ ಪ್ರಯೋಜನ" ಅನ್ನೋ ಥರ ಮಾತಾಡಿದ್ರೆ ಅದನ್ನ ನಾಟಕ ಅನ್ಕೋಬೇಡಿ. ಜೂಜಿನ ಚಟ ಇರೋರಲ್ಲಿ ಆತ್ಮಹತ್ಯೆ ಯೋಚನೆ ಜಾಸ್ತಿ, ಜೈಲು ಸೇರಿದ್ರಂತೂ ಕೇಳ್ಲೇಬೇಡಿ. ಅವತ್ತೇ ಜೈಲಿಗೆ ಫೋನ್ ಮಾಡಿ ಹೇಳಿ.

ಚಿಕಿತ್ಸೆ ಇದ್ಯಾ ಅಂದ್ರೆ ಇದೆ. 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡೀಲಿ ಜೂಜಿನ ಚಟಾನ ಕುಡಿತ, ಡ್ರಗ್ಸ್ ಇರೋ ಗುಂಪಿಗೇ ಸೇರಿಸಿದಾರೆ, ಕೆಟ್ಟ ಬುದ್ಧಿ ಅಂತಲ್ಲ ಕಾಯಿಲೆ ಅಂತಾನೇ ನೋಡ್ತಾರೆ. ಯೋಚನೆ ಮಾಡೋ ರೀತಿ ತಿದ್ದೋ ಕೌನ್ಸೆಲಿಂಗಿಂದ (ಸಿಬಿಟಿ ಅಂತಾರೆ) ಸುಮಾರು ಜನಕ್ಕೆ ಉಪಯೋಗ ಆಗಿದೆ. ತೊಂದ್ರೆ ಏನಂದ್ರೆ ಒಳಗೆ ಬಂದೋರಿಗೆ ಕುಡಿತ, ಡ್ರಗ್ಸ್ ಬಗ್ಗೆ ಕೇಳ್ತಾರೆ, ಜೂಜಿನ ಬಗ್ಗೆ ಎಷ್ಟೋ ಕಡೆ ಕೇಳೋದೇ ಇಲ್ಲ. ಹಂಗಾಗಿ ನೀವೇ ಬಾಯ್ಬಿಟ್ಟು ಕೇಳ್ಬೇಕು. ಗ್ಯಾಂಬ್ಲರ್ಸ್ ಅನಾನಿಮಸ್ ಅಂತ 1957ರಲ್ಲಿ ಲಾಸ್ ಏಂಜಲೀಸಲ್ಲಿ ಶುರುವಾದ, ಜೂಜು ಬಿಡ್ಬೇಕು ಅನ್ನೋರೇ ಸೇರಿ ಒಬ್ರಿಗೊಬ್ರು ನೆರವಾಗೋ ಗುಂಪು ಈಗ ಸುಮಾರು ದೇಶಗಳಲ್ಲಿದೆ, ಫೀಸಿಲ್ಲ, ಬಿಡುಗಡೆ ಆದ್ಮೇಲೂ ಹೋಗ್ಬೋದು.

ಬಿಡುಗಡೆ ಹತ್ರ ಬಂದಾಗ ಒಂದಿಷ್ಟು ತಯಾರಿ ಮಾಡ್ಕೊಳ್ಳಿ. ಹೊಸ ಫೋನ್ ಕೊಡೋ ಮುಂಚೆ ಬೆಟ್ಟಿಂಗ್ ಆಪ್, ಸೈಟ್ ಬ್ಲಾಕ್ ಮಾಡೋ ಸಾಫ್ಟ್‌ವೇರ್ ಹಾಕಿ, ಬ್ಯಾಂಕಲ್ಲಿ ಜೂಜಿನ ಪೇಮೆಂಟ್ ತಡಿಯೋ ಸೌಲಭ್ಯ ಇದ್ಯಾ ವಿಚಾರಿಸಿ, ಮೊದಲ ಕೆಲವು ತಿಂಗಳು ದುಡ್ಡು ಇನ್ನೊಬ್ರ ಕೈಲಿರ್ಲಿ, ಆದ್ರೆ ಇದೆಲ್ಲ ಅವ್ರನ್ನ ಕೂರ್ಸ್ಕೊಂಡು ಒಪ್ಪಿಸಿ ಮಾಡಿ, ಕದ್ದು ಮಾಡಿದ್ರೆ ಒಂದೇ ವಾರದಲ್ಲಿ ದಾರಿ ಹುಡ್ಕೊಂಡಿರ್ತಾರೆ. ಒಳಗಿನ ಹಳೇ ಸಾಲ ಏನಾದ್ರೂ ಬಾಕಿ ಇದ್ಯಾ ಅಂತಾನೂ ಆಗ್ಲೇ ಕೇಳ್ಬಿಡಿ, ಸಾಲ ಕೊಟ್ಟೋರೂ ಒಂದಿನ ಬಿಡುಗಡೆ ಆಗ್ತಾರೆ.