ಬೆಲ್‌ಫಾಸ್ಟ್‌ನ ಕ್ರೌನ್ ಬಾರ್: ಕುಡಿಯದವರೂ ಒಮ್ಮೆ ಒಳಗೆ ಹೋಗಿ

ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್‌ಗೆ ಓದಲು, ಕೆಲಸಕ್ಕೆ ಅಂತ ಬಂದ ನಮ್ಮವರು ಗ್ರೇಟ್ ವಿಕ್ಟೋರಿಯಾ ಸ್ಟ್ರೀಟ್‌ನ ಕ್ರೌನ್ ಬಾರನ್ನು ಹೊರಗಿನಿಂದ ನೋಡಿ ಮುಂದೆ ಹೋಗಿಬಿಡುತ್ತಾರೆ. ಬಾರ್ ಅಂದರೆ ನಮಗೆ ಹಿಂಜರಿಕೆ, ಅಲ್ವಾ? ಇಲ್ಲಿ ಅದು ಬೇಡ. ಜ್ಯೂಸ್ ತಗೊಂಡು ಕೂತರೂ ಯಾರೂ ಏನೂ ಅನ್ನುವುದಿಲ್ಲ. ಊರಿಂದ ಬಂದ ಅಮ್ಮನನ್ನು ಒಂದು ಮಧ್ಯಾಹ್ನ ಕರೆದುಕೊಂಡು ಹೋಗಿದ್ದೆ. ಅವರು ಜ್ಯೂಸ್ ಮರೆತು ಛಾವಣಿಯ ಕೆತ್ತನೆಯನ್ನೇ ನೋಡುತ್ತಾ ಕೂತರು.

1885ರಲ್ಲಿ ಮಾಲೀಕರ ಕುಟುಂಬದ ಪ್ಯಾಟ್ರಿಕ್ ಫ್ಲಾನಗನ್ ಇದಕ್ಕೆ ಹೊಸ ರೂಪ ಕೊಡಿಸಿದ. ಚರ್ಚುಗಳ ಕೆಲಸಕ್ಕೆ ಬಂದಿದ್ದ ಇಟಲಿಯ ಕುಶಲಕರ್ಮಿಗಳು ಬಿಡುವಿನ ವೇಳೆಯಲ್ಲಿ ಇದನ್ನು ಮಾಡಿಕೊಟ್ಟರು ಅಂತ ಹೇಳುತ್ತಾರೆ. ಬಾಗಿಲಲ್ಲಿ ಕಾಲ ಕೆಳಗೇ ಮೊಸಾಯಿಕ್ ಕಿರೀಟ. ಒಳಗೆ ಕೆಂಪು ಗ್ರಾನೈಟ್ ಕೌಂಟರ್, ಬಣ್ಣದ ಟೈಲ್ಸ್, ಇವತ್ತಿಗೂ ಗ್ಯಾಸ್ ದೀಪ.

ಎಲ್ಲಕ್ಕಿಂತ ನನಗೆ ಇಷ್ಟ ಅಲ್ಲಿನ ಸ್ನಗ್‌ಗಳು. ಎ ಇಂದ ಜೆ ತನಕ ಹತ್ತು ಮರದ ಗೂಡುಗಳು, ಒಂದೊಂದಕ್ಕೂ ಬಾಗಿಲು. ಕಂಬದ ಮೇಲೆ ಸಿಂಹಗಳು ಗುರಾಣಿ ಹಿಡಿದು ಕೂತಿವೆ. ಕುಡಿಯುವುದು ನಾಲ್ಕು ಜನರ ಕಣ್ಣಿಗೆ ಬೀಳಬಾರದು ಅನ್ನುವವರಿಗಾಗಿ ಮಾಡಿದ್ದು. ಬಾಗಿಲು ಹಾಕಿಕೊಂಡು ಗೋಡೆಯತ್ತ ನೋಡಿ. ಬೆಂಕಿಕಡ್ಡಿ ಗೀರಲು ಕೂರಿಸಿದ ಲೋಹದ ಪಟ್ಟಿ ಇದೆ. ಹತ್ತಿರವೇ ಗಂಟೆಯ ಗುಂಡಿ. ಒತ್ತಿದರೆ ಯಾವ ಗೂಡಿನವರು ಕರೆದರು ಅಂತ ಹೊರಗಿನ ಹಲಗೆಯಲ್ಲಿ ಗೊತ್ತಾಗುತ್ತಿತ್ತು. ಮುಖ ತೋರಿಸದೆ ಬೇಕಾದ್ದು ತರಿಸಿಕೊಳ್ಳಬಹುದಿತ್ತು. ಎಷ್ಟು ಯೋಚನೆ ಮಾಡಿದ್ದಾರೆ ನೋಡಿ!

1960ರ ದಶಕದ ಕೊನೆಯಿಂದ 1998ರವರೆಗೆ ಉತ್ತರ ಐರ್ಲೆಂಡ್‌ನಲ್ಲಿ ನಡೆದ ಗಲಭೆಯ ವರ್ಷಗಳಲ್ಲಿ ಎದುರಿನ ಯೂರೋಪಾ ಹೋಟೆಲ್‌ನಲ್ಲಿ ಪದೇ ಪದೇ ಬಾಂಬ್ ಸಿಡಿದಾಗ ಕ್ರೌನ್‌ಗೂ ಪೆಟ್ಟಾಯಿತು. ಆದರೂ ಉಳಿಯಿತು. 1978ರಿಂದ ಇದು ನ್ಯಾಷನಲ್ ಟ್ರಸ್ಟ್ ಅನ್ನುವ ಸೇವಾಸಂಸ್ಥೆಯ ಆಸ್ತಿ. ಜೊತೆಗೆ ಸರ್ಕಾರದ ರಕ್ಷಿತ ಕಟ್ಟಡಗಳ (ಲಿಸ್ಟೆಡ್) ಪಟ್ಟಿಯಲ್ಲಿ ಎ ದರ್ಜೆಯ ಕಟ್ಟಡ. ಇಲ್ಲಿ ಲಿಸ್ಟೆಡ್ ಕಟ್ಟಡ ಅಂದರೆ ಹೊರಗಿನ ಗೋಡೆಗಷ್ಟೇ ರಕ್ಷಣೆ ಅಂದುಕೊಳ್ಳಬೇಡಿ. ಒಳಗಿನದಕ್ಕೂ ಇದೆ. ಕಟ್ಟಡದ ಸ್ವರೂಪ ಬದಲಾಗುವಂಥ ಯಾವ ಕೆಲಸಕ್ಕೂ ಮಾಲೀಕರು ಮೊದಲೇ ಅನುಮತಿ ತಗೋಬೇಕು. ನೀವು ಹಳೇ ಮನೆ ಕೊಳ್ಳುವುದಾದರೂ ಲಿಸ್ಟೆಡ್ ಹೌದೋ ಅಲ್ಲವೋ ಅಂತ ಮೊದಲು ವಿಚಾರಿಸಿ. ಅನುಮತಿಯಿಲ್ಲದೆ ಬದಲಾಯಿಸಿದರೆ ಅಪರಾಧ.

ಪ್ರವೇಶಕ್ಕೆ ದುಡ್ಡಿಲ್ಲ. ಟೇಬಲ್ ಹತ್ತಿರ ಯಾರಾದರೂ ಬರುತ್ತಾರೆ ಅಂತ ಕಾಯುತ್ತಾ ಕೂರಬೇಡಿ, ಕೌಂಟರ್‌ಗೆ ಹೋಗಿ ಹೇಳಿ, ಅಲ್ಲೇ ದುಡ್ಡು ಕೊಡಿ. ಮದ್ಯ ಕೊಳ್ಳಲು 18 ತುಂಬಿರಬೇಕು. ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಮಕ್ಕಳಿದ್ದರೆ ಮೊದಲೇ ಕೇಳಿಕೊಳ್ಳಿ. ಸಂಜೆ ಜನ ಜಾಸ್ತಿ, ಗೂಡು ಸಿಗುವುದು ಕಷ್ಟ. ವಾರದ ನಡುವೆ ಮಧ್ಯಾಹ್ನ ಹೋಗಿ. ಬಣ್ಣದ ಕಿಟಕಿಗಳಿಂದ ಬೆಳಕು ಒಳಗೆ ಬೀಳುವ ಹೊತ್ತು ಅದು.