ಟೋನ್‌ಆರ್ಮ್‌ಗೆ ಸಿಲಿಕೋನ್ ಎಣ್ಣೆಯ ತೊಟ್ಟಿ

ನನ್ನ ರೆಕಾರ್ಡ್ ಪ್ಲೇಯರ್‌ನಲ್ಲಿ ಸ್ವಲ್ಪ ಬಾಗಿದ ರೆಕಾರ್ಡ್ ಹಾಕಿದರೆ ಸಾಕು, ವೂಫರ್‌ನ (ತಗ್ಗಿನ ಸ್ವರದ ಸ್ಪೀಕರ್) ಕೋನ್ ಸದ್ದಿಲ್ಲದೆ ಒಳಗೂ ಹೊರಗೂ ತುಯ್ಯುತ್ತಿತ್ತು, ತಗ್ಗಿನ ಸ್ವರಗಳು ಕಲಸಿಹೋಗುತ್ತಿದ್ದವು. ಟೆಸ್ಟ್ ರೆಕಾರ್ಡ್ ಹಾಕಿದಾಗ ಟೋನ್‌ಆರ್ಮ್ (ಸೂಜಿಯನ್ನು ಹೊರುವ ತೋಳು) ಮತ್ತು ಕಾರ್ಟ್ರಿಜ್ (ತೋಳಿನ ತುದಿಯಲ್ಲಿ ಸೂಜಿ ಕೂತಿರುವ ಭಾಗ) ಜೋಡಿಯ ಅನುರಣನ, ಅಂದರೆ ಅವು ತಾವಾಗಿ ಹೆಚ್ಚು ಕಂಪಿಸುವ ಆವರ್ತನ, 7 ಹರ್ಟ್ಜ್‌ನಲ್ಲಿ ಸಿಕ್ಕಿತು. 8ರಿಂದ 12ರೊಳಗೆ ಇರಬೇಕಿತ್ತು. ಆರ್ಮ್ ಭಾರ, ಸೂಜಿಯ ಹಿಡಿತ ಮೆದು, ಅದಕ್ಕೇ ಇಷ್ಟು ತಗ್ಗು.

ಕಾರ್ಟ್ರಿಜ್ ಬದಲಿಸಲು ಮನಸ್ಸಾಗಲಿಲ್ಲ, ಅದರ ದನಿ ನನಗೆ ಅಷ್ಟು ಇಷ್ಟ. ಆರ್ಮ್ ತಿರುಗುವ ಪಿವಟ್ ಪಕ್ಕ ಪುಟ್ಟ ತೊಟ್ಟಿ ಕೂರಿಸಿ, ಜೇನಿಗಿಂತ ಮಂದವಾದ ಸಿಲಿಕೋನ್ ಎಣ್ಣೆ ತುಂಬಿ, ಆರ್ಮ್‌ಗೆ ಅಂಟಿಸಿದ ತೆಳು ತಗಡನ್ನು ಅದರಲ್ಲಿ ಅದ್ದಿದೆ. ಎಣ್ಣೆ ಅನುರಣನವನ್ನು ಬೇರೆಡೆಗೆ ಸರಿಸುವುದಿಲ್ಲ, ಅದರ ಉಬ್ಬರವನ್ನು ತಗ್ಗಿಸುತ್ತದೆ.

ಮೊದಲು ತಗಡನ್ನು ಪೂರ್ತಿ ಮುಳುಗಿಸಿದ್ದೆ. ಸಂಗೀತದ ಜೀವವೇ ಹೋಯಿತು. 2 ಮಿಲಿಮೀಟರ್‌ನಷ್ಟೇ ಅದ್ದಿದಾಗ ಕೋನ್ ನೆಟ್ಟಗೆ ನಿಂತಿತು, ತಂತಿಯ ಮೇಲೆ ಬೆರಳು ಜಾರುವುದೂ ಕೇಳಿಸಿತು. ತಗಡಿನ ತೂಕ ಸೇರುವುದರಿಂದ ಸೂಜಿ ರೆಕಾರ್ಡಿನ ಮೇಲೆ ಊರುವ ಭಾರವನ್ನು ಮತ್ತೆ ಅಳೆದುಕೊಳ್ಳಿ.