ನಿಮ್ಮ ಆಮೆ ಗಂಡೋ ಹೆಣ್ಣೋ? ಬಾಲ ನೋಡಿ ತಿಳಿಯಿರಿ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಆರು ವರ್ಷ ಗಂಡೆಂದೇ ಬೆಳೆದ ಆಮೆ ಕಳೆದ ಬೇಸಿಗೆಯಲ್ಲಿ ತಿನ್ನುವುದನ್ನು ಬಿಟ್ಟಿತು. ಹಗಲೂ ರಾತ್ರಿಯೂ ಹಿಂಗಾಲಿನಿಂದ ಗಾಜನ್ನು ಕೆರೆಯುತ್ತಿತ್ತು. ಪಶುವೈದ್ಯರು ಎಕ್ಸ್‌ರೇ ತೆಗೆದರೆ ಹೊಟ್ಟೆಯೊಳಗೆ ಒಂದಕ್ಕೊಂದು ಒತ್ತಿಕೊಂಡು ಏಳು ಮೊಟ್ಟೆಗಳು! ಗಂಡಿನ ಜೊತೆಯಿಲ್ಲದಿದ್ದರೂ ಹೆಣ್ಣಾಮೆಯಲ್ಲಿ ಮೊಟ್ಟೆ ಬೆಳೆಯುತ್ತದೆ. ಅಗೆದು ಇಡಲು ಮಣ್ಣು ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಪ್ರಾಣಕ್ಕೇ ಕುತ್ತು ಬರಬಹುದು. ಅಂದಿನಿಂದ ಆಮೆ ಸಾಕಿದವರು ಯಾರೇ ಸಿಕ್ಕರೂ ‘ಬಾಲ ನೋಡಿದಿರಾ?’ ಎಂದು ಕೇಳುತ್ತೇನೆ.

ಮುಂಬೈಯ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಅಮೆರಿಕ ಮೂಲದ ರೆಡ್ ಇಯರ್ಡ್ ಸ್ಲೈಡರ್. ಇಲ್ಲಿ ಹೇಳುವುದೆಲ್ಲ ಅದರ ಬಗ್ಗೆಯೇ. ನಕ್ಷತ್ರ ಆಮೆಯನ್ನು ಸಾಕುವ ಮಾತೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಮೊದಲು ಅಳತೆ. ಚಿಪ್ಪಿನ ಮುಂತುದಿಯಿಂದ ಹಿಂತುದಿಗೆ, ಉಬ್ಬಿನ ಮೇಲೆ ಟೇಪು ಹಾಯಿಸದೆ, ನೇರವಾಗಿ ಅಳೆಯಿರಿ. 10 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಕಾಯಿರಿ. ಅಂಗೈಯಗಲದ ಮರಿಯನ್ನು ತೋರಿಸಿ ‘ಇದು ಗಂಡೇ’ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ನಾವು ನಂಬಿ ಕೆಟ್ಟೆವು.

ಇನ್ನು ಬಾಲ. ಆಮೆಯನ್ನು ಹಿಡಿದು ಮಗುಚಿದರೆ ಅದು ಹೆದರಿ ಬಾಲವನ್ನು ಪಕ್ಕಕ್ಕೆ ಮಡಚಿಕೊಳ್ಳುತ್ತದೆ, ಏನೂ ಕಾಣುವುದಿಲ್ಲ. ಅದರ ಬದಲು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಗೆ ಬಿಡಿ. ಒಬ್ಬರು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯಲಿ, ಇನ್ನೊಬ್ಬರು ಕೆಳಗಿನಿಂದ ಮೊಬೈಲಿನಲ್ಲಿ ಫೋಟೊ ತೆಗೆಯಲಿ. ಎರಡು ನಿಮಿಷದಲ್ಲಿ ಧೈರ್ಯ ಬಂದು ಅದು ನಡೆಯತೊಡಗುತ್ತದೆ, ಬಾಲ ಚಾಚುತ್ತದೆ. ಗಂಡಿನ ಬಾಲ ಉದ್ದ, ಬುಡದಲ್ಲಿ ದಪ್ಪ. ಬಾಲದ ಅಡಿಯಲ್ಲಿ ಮಲ ಹೊರಬರುವ ದ್ವಾರ ಚಿಪ್ಪಿನ ಅಂಚನ್ನು ದಾಟಿ ತುದಿಯ ಕಡೆಗಿರುತ್ತದೆ. ಹೆಣ್ಣಿನ ಬಾಲ ಮೋಟು, ಸಪೂರ. ದ್ವಾರ ಮೈಗೆ ಹತ್ತಿರ, ಚಿಪ್ಪಿನ ಅಂಚಿನೊಳಗೇ.

ಮುಂಗಾಲಿನ ಉಗುರನ್ನೂ ನೋಡಿ. ಬೆಳೆದ ಗಂಡಿನ ಉಗುರುಗಳು ನೀಳವಾಗಿ, ಹಿಂಗಾಲಿನವಕ್ಕಿಂತ ಎದ್ದು ಕಾಣುವಷ್ಟು ಉದ್ದವಾಗಿರುತ್ತವೆ. ಹೆಣ್ಣನ್ನು ಒಲಿಸಲು ಅದರ ಮುಖದೆದುರು ನೀರಿನಲ್ಲಿ ಅವುಗಳನ್ನು ಪಟಪಟನೆ ಅಲುಗಿಸುತ್ತದೆ. ನೋಡಲು ಬಲು ಚೆಂದ. ಆದರೆ ಉಗುರು ಸವೆಯುವುದುಂಟು, ಅತಿಯಾಗಿ ಬೆಳೆಯುವುದೂ ಉಂಟು. ಬಾಲವೂ ಉಗುರೂ ಬೇರೆ ಬೇರೆ ಹೇಳಿದರೆ ಬಾಲದ ಮಾತನ್ನೇ ನಂಬಿ. ಗಂಡಿಗಿಂತ ಹೆಣ್ಣು ದೊಡ್ಡದಾಗಿ ಬೆಳೆಯುತ್ತದೆ, 25 ಸೆಂಟಿಮೀಟರ್ ದಾಟಿದ್ದರೆ ಬಹುಮಟ್ಟಿಗೆ ಹೆಣ್ಣೇ. ಹೊಟ್ಟೆಯ ಚಿಪ್ಪಿನ ತಗ್ಗನ್ನು ನೋಡಿ ನಿರ್ಧರಿಸುವವರಿದ್ದಾರೆ, ಈ ಜಾತಿಯಲ್ಲಿ ಅದು ಅಷ್ಟು ಸ್ಪಷ್ಟವಲ್ಲ.

ಅಂದಹಾಗೆ, ಇವುಗಳ ಲಿಂಗ ನಿರ್ಧಾರವಾಗುವುದು ಮೊಟ್ಟೆಗೆ ಸಿಗುವ ಕಾವಿನಿಂದ. 26 ಡಿಗ್ರಿ ಸೆಲ್ಸಿಯಸ್‌ನ ತಂಪಿನಲ್ಲಿ ಗಂಡು, 31 ಡಿಗ್ರಿಯ ಬೆಚ್ಚಗಿನಲ್ಲಿ ಹೆಣ್ಣು.

ನೋಡಿಯಾದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಆಮೆಯ ಮೈಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಹೆಣ್ಣೆಂದು ಗೊತ್ತಾದರೆ ಮೊಟ್ಟೆಯಿಡಲು ಜಾಗ ಮಾಡಿಕೊಡಿ. ನಾವು ಬಾಲ್ಕನಿಯಲ್ಲಿ ಪತ್ರೊಡೆಗೆಂದು ಕೆಸು ಬೆಳೆಸುತ್ತಿದ್ದ ಅಗಲದ ಟಬ್ಬನ್ನೇ ಖಾಲಿ ಮಾಡಿ, ಗೇಣುದ್ದ ಆಳಕ್ಕೆ ಹೊಸ ಮಣ್ಣು, ಮರಳು ಬೆರೆಸಿ ತುಂಬಿದೆವು. ಹಿಡಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲುವಷ್ಟು ತೇವ ಸಾಕು. ಟಬ್ಬಿಗೆ ಬಿಟ್ಟು ದೀಪ ಆರಿಸಿ ದೂರ ನಿಂತೆವು. ಮೂರನೆಯ ರಾತ್ರಿ ಅವಳು ಹಿಂಗಾಲಿನಿಂದ ಒಂದೊಂದೇ ಹಿಡಿ ಮಣ್ಣನ್ನು ಎತ್ತಿ ಬದಿಗಿಟ್ಟು ಗುಳಿ ತೋಡಿದಳು. ಬೆಳಿಗ್ಗೆ ಎಣಿಸಿದಾಗ ಏಳೂ ಇದ್ದವು.